ಗೋಡೆಗೆ ತಿರುಗಿದ ಮಗ್

ಊಟದಂಗಡಿಯ ಕೆಲಸದ ಹುಡುಗಿ ಲೊರೀನ್ ಗೋಡೆಯ ಮೇಲಿನ ಮಗ್‌ಗಳನ್ನು ಒಂದೊಂದಾಗಿ ಇಳಿಸಿ, ಒರೆಸಿ, ಮತ್ತೆ ಕೊಕ್ಕೆಗೆ ಹಾಕುತ್ತಿದ್ದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಒಡತಿ ಓಪಲ್ ಸಾಮಾನು ತರಲು ಅಮರಿಲ್ಲೊ ಪಟ್ಟಣಕ್ಕೆ ಹೋಗಿದ್ದಳು.

ಓಪಲ್‌ಳ ಊಟದಂಗಡಿಗೆ ದಿನವೂ ಬರುವವರಿಗೆಲ್ಲ ಅವರದೇ ಮಗ್ ಇದೆ. ಅದರ ಮೇಲೆ ಓಪಲ್ ಕೆಂಪು ಬಣ್ಣದಲ್ಲಿ ಹೆಸರು ಬರೆಯುತ್ತಾಳೆ. ಮನುಷ್ಯ ಬದುಕಿರುವವರೆಗೂ ಹೆಸರು ಹೊರಗೆ ಕಾಣಬೇಕು. ತೀರಿಕೊಂಡರೆ ಅದನ್ನು ಗೋಡೆಯ ಕಡೆ ತಿರುಗಿಸುತ್ತಾರೆ, ಆಮೇಲೆ ಒರೆಸುವಾಗ ಬಿಟ್ಟರೆ ಅದನ್ನು ಯಾರೂ ಮುಟ್ಟುವುದಿಲ್ಲ. ಹೊಸ ದೊಡ್ಡ ರಸ್ತೆ ಊರಿನ ಆಚೆಯಿಂದ ಹಾದುಹೋದ ಮೇಲೆ ತಿರುಗಿದ ಮಗ್‌ಗಳೇ ಹೆಚ್ಚಾಗಿವೆ.

ಕ್ಲೀಟಸ್‌ನ ಮಗ್ ಕೈಯಲ್ಲಿದ್ದಾಗ ಕಿಟಕಿಯಾಚೆ ಆಂಬುಲೆನ್ಸ್ ಕಂಡಿತು. ಅದು ರಸ್ತೆಯ ಆ ಬದಿಯಿಂದ, ದಾರಿಹೋಕರು ನೋಡಲೆಂದು ಮುದುಕ ಕ್ಲೀಟಸ್ ಕಟ್ಟಿದ ಸಿಮೆಂಟಿನ ದೊಡ್ಡ ಮೊಲದ ಹಿಂದಿರುವ ಅವನ ಟ್ರೈಲರ್ ಮನೆಯ ಕಡೆಯಿಂದ ಬಂತು. ಸೈರನ್ ಇರಲಿಲ್ಲ. ಸೈರನ್ ಇಲ್ಲದೆ ನಿಧಾನವಾಗಿ ಹೋಯಿತೆಂದರೆ ಒಳಗಿರುವವರಿಗೆ ಇನ್ನು ಅವಸರವಿಲ್ಲವೆಂದು ಆ ಊರಿನ ಮಕ್ಕಳಿಗೂ ಗೊತ್ತು. ದಿನವೂ ಹೊತ್ತುವ ಮೊಲದ ಕಣ್ಣಿನ ಬಲ್ಬುಗಳೂ ಆ ಬೆಳಿಗ್ಗೆ ಹೊತ್ತಿರಲಿಲ್ಲ.

ಲೊರೀನ್ ಯಾರಿಗೂ ಫೋನ್ ಮಾಡಲಿಲ್ಲ. ಗುರುತಿಲ್ಲದವರೊಡನೆ ಫೋನಿನಲ್ಲಿ ಮಾತಾಡಲು ಅವಳಿಗೆ ಮೊದಲಿನಿಂದಲೂ ಹೆದರಿಕೆ. ಮಗ್ ಒರೆಸಿ, ಹೆಸರನ್ನು ಗೋಡೆಗೆ ತಿರುಗಿಸಿ ಹಾಕಿದಳು.

ಮಧ್ಯಾಹ್ನ ಮೋಟಾರು ಬೈಕುಗಳಲ್ಲಿ ಡೆನ್ಮಾರ್ಕಿನವರು ಬಂದರು. ಹಳೆಯ ರಸ್ತೆ ನೋಡಲೆಂದೇ ಬರುವವರು. ಅವರಲ್ಲಿ ಬಿಳಿ ಜಡೆಯ ಹೆಂಗಸೊಬ್ಬಳು ಮಗ್‌ಗಳನ್ನು ತೋರಿಸಿ, ಕೆಲವು ಯಾಕೆ ತಿರುಗಿವೆ ಎಂದು ಕೇಳಿದಳು. ಲೊರೀನ್ ತಲೆ ತಗ್ಗಿಸಿಕೊಂಡೇ ಹೇಳತೊಡಗಿದಳು. ಇದು ಮೊಲ ಕಟ್ಟಿದ ಕ್ಲೀಟಸ್ ತಾತನದು, ಇವತ್ತು ಬೆಳಿಗ್ಗೆ ಹೋದರು ಎಂದಳು. ಮೇಜಿನ ಸುತ್ತ ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು. ಶಾಲೆಯಲ್ಲಿ ಇದ್ದಷ್ಟು ದಿನವೂ ಅವಳ ಮಾತನ್ನು ಯಾರೂ ಹಾಗೆ ಕೇಳಿರಲಿಲ್ಲ. "ಕೊನೇಲಿ ಏನಂದ್ರು ಪಾಪ?" ಎಂದು ಜಡೆಯ ಹೆಂಗಸು ಕೇಳಿದಳು. "ಮೊಲದ ಕಣ್ಣು ಆರದ ಹಾಗೆ ನೋಡ್ಕೊಳ್ಳಿ ಅಂದ್ರು" ಎಂದಳು ಲೊರೀನ್. ಆ ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಹೆಂಗಸು ಕಣ್ಣೊರೆಸಿಕೊಂಡಳು. ಲೊರೀನ್‌ಗೆ ಒಳಗೊಳಗೇ ಹಿತವಾಯಿತು.

ಓಪಲ್ ಬಂದು ಸಾಮಾನು ಇಳಿಸುವ ಹೊತ್ತಿಗೆ ಟ್ರಕ್ ಓಡಿಸುವ ಹಾಯ್ಟ್ ಹಣ್ಣಿನ ಪೈ ತುಂಡೊಂದನ್ನು ಮುಂದಿಟ್ಟುಕೊಂಡು ಕೂತಿದ್ದ. ಬಾಗಿಲು ತೆರೆಯಿತು. ಕ್ಲೀಟಸ್ ನಿಂತಿದ್ದ. ಹಣೆಗೆ ಪಟ್ಟಿ, ಕೈಯಲ್ಲಿ ರಸ್ತೆ ಬದಿಯ ಸೂರ್ಯಕಾಂತಿಗಳ ಕಟ್ಟು.

"ಯಾರಿಗೋ ಹೂವು? ಓಪಲ್‌ಗಾ?" ಎಂದ ಹಾಯ್ಟ್. "ಈ ವಯಸ್ಸಿಗೆ ತಡ ಆಯ್ತಲ್ಲೋ."

"ನಂಗೇ ಕಣೋ. ಮೊಲದ ಕಾಲ ಹತ್ರ ಇಟ್ಟಿದ್ರು. ಒಬ್ಬಳು ಜಡೆಯವಳು ನಿಂತ್ಕೊಂಡು ಅಳ್ತಿದ್ಲು. ಯಾಕಮ್ಮಾ ಅಂದ್ರೆ, ಇದನ್ನ ಕಟ್ಟಿದೋನು ಬೆಳಿಗ್ಗೆ ಸತ್ತ ಅಂದ್ಲು. ನನ್ನ ಕೊನೇ ಮಾತೂ ಗೊತ್ತಿತ್ತು ಅವಳಿಗೆ."

ಹಾಯ್ಟ್ ನಕ್ಕು ನಕ್ಕು ಕೆಮ್ಮಿದ. "ಮತ್ತೆ ಬೆಳಿಗ್ಗೆ ಹೋದ ಆಂಬುಲೆನ್ಸು?"

"ಮೊಲದ ಕಣ್ಣಿಗೆ ಬಲ್ಬ್ ಹಾಕೋಕೆ ಹೋಗಿ ಏಣಿಯಿಂದ ಬಿದ್ದೆ. ಸೈರನ್ ಆರಿಸಪ್ಪಾ, ಓಪಲ್ ಅಂಗಡೀಲಿ ಜನ ತಿಂಡಿ ತಿಂತಿರ್ತಾರೆ ಅಂತ ನಾನೇ ಹೇಳ್ದೆ."

ಅವನು ತನ್ನ ಎತ್ತರದ ಸ್ಟೂಲಿನ ಹತ್ತಿರ ಹೋಗಿ, ಎಂದಿನಂತೆ ಕೈ ಚಾಚಿ, ಗೋಡೆ ನೋಡಿದ. ಕೈ ಅಲ್ಲೇ ನಿಂತಿತು. ನಗು ಮುಖದಿಂದ ಇಳಿದುಹೋಯಿತು.

"ಯಾರು ತಿರುಗಿಸಿದ್ದು ಇದನ್ನ?"

ಓಪಲ್ ಮಗ್ ನೋಡಿದಳು, ಆಮೇಲೆ ಲೊರೀನ್‌ಳನ್ನು. ಲೊರೀನ್ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಿದ್ದಳು. ಬಾಯಿ ತೆರೆದು ನಿಜ ಹೇಳಿದ್ದರೆ ಆಗುತ್ತಿತ್ತು.

"ನಾನೇ ಕಣೋ," ಎಂದಳು ಓಪಲ್. "ಯಾರೋ ಏನೋ ಅಂದ್ರು. ಆತುರಪಟ್ಟೆ."

ಊರಿನ ಉಳಿದ ಅಂಗಡಿಗಳೆಲ್ಲ ಮುಚ್ಚಿದ ವರ್ಷ, ನೀನು ಒಲೆ ಆರಿಸೋವರೆಗೂ ನಾನು ಮೊಲದ ಕಣ್ಣು ಆರಿಸಲ್ಲ ಎಂದು ಕ್ಲೀಟಸ್ ಇದೇ ಸ್ಟೂಲಿನ ಮೇಲೆ ಕೂತು ಓಪಲ್‌ಗೆ ಮಾತು ಕೊಟ್ಟಿದ್ದ. ಅದು ಅಂಗಡಿಗೆ ಬರುವವರಿಗೆಲ್ಲ ಗೊತ್ತಿತ್ತು.

"ಬೇರೆ ಯಾರಾದ್ರೂ ಮಾಡಿದ್ರೆ ನಕ್ಕು ಬಿಡ್ತಿದ್ದೆ," ಎಂದ ಅವನು. "ನೀನು ಎದುರಿಗಿರೋ ನನ್ನ ಬಾಗಿಲಿಗೆ ಬಂದು ನೋಡ್ಲಿಲ್ಲ ಅಲ್ವಾ, ಓಪಲ್? ರಸ್ತೆ ದಾಟಿದ್ರೆ ಸಾಕಿತ್ತು."

ಅವನು ಹೂವುಗಳನ್ನು ಕೌಂಟರಿನ ಮೇಲಿಟ್ಟು ಹೊರಟುಹೋದ. ಹಾಯ್ಟ್ ಉಳಿದ ತುಂಡನ್ನು ತಿನ್ನಲಿಲ್ಲ.

ಲೊರೀನ್ ಅಡುಗೆಮನೆಗೆ ಹೋಗಿ ತೊಳೆದಿದ್ದ ತಟ್ಟೆಗಳನ್ನೇ ಮತ್ತೆ ತೊಳೆದಳು. ಓಪಲ್ ಪಕ್ಕಕ್ಕೆ ಬಂದು ನಿಂತು, "ನಿಂಗೆ ಜನರ ಮುಂದೆ ಮಾತು ಹೊರಡಲ್ಲ ಅಂತ ಗೊತ್ತು ಮಗಳೇ," ಎಂದಳು. ಬೈದಿದ್ದರೆ ವಾಸಿಯಿತ್ತು. ಡೆನ್ಮಾರ್ಕಿನವರ ಮುಂದೆ ಹೊರಟ ಮಾತು ಲೊರೀನ್‌ಳ ಕಿವಿಯಲ್ಲೇ ಇತ್ತು.

ಮರುದಿನ ಮೊಲದ ಕಣ್ಣು ಹೊತ್ತಲಿಲ್ಲ. ಕ್ಲೀಟಸ್‌ನ ಸ್ಟೂಲು ಖಾಲಿಯಿತ್ತು. ಓಪಲ್ ಮೊಟ್ಟೆ ಹುರಿಯುತ್ತ ಪದೇ ಪದೇ ಕಿಟಕಿಯ ಕಡೆ ನೋಡುತ್ತಿದ್ದಳು, ಎರಡು ಸಲ ಅದು ಸೀದುಹೋಯಿತು.

ಲೊರೀನ್ ಕೊಕ್ಕೆಯಿಂದ ಅವನ ಮಗ್ ಇಳಿಸಿ, ಕಾಫಿ ತುಂಬಿಸಿ, ಏಪ್ರನ್ನಿನಲ್ಲೇ ರಸ್ತೆ ದಾಟಿದಳು. ಕಾರುಗಳು ಯಾವುದೂ ಇರಲಿಲ್ಲ. ಮೊಲದ ಕಾಲಿನ ಹತ್ತಿರ ಏಣಿ ಇನ್ನೂ ಬಿದ್ದಿತ್ತು. ಟ್ರೈಲರಿನೊಳಗೆ ರೇಡಿಯೊ ಹಾಡುತ್ತಿತ್ತು. ಬಾಗಿಲು ತಟ್ಟಿದಳು.

"ಕ್ಲೀಟಸ್ ತಾತಾ, ನಾನು, ಲೊರೀನ್."

ರೇಡಿಯೊ ನಿಂತಿತು.

"ಮಗ್ ತಿರುಗಿಸಿದ್ದು ಓಪಲ್ ಅಲ್ಲ. ಅವರು ಊರಲ್ಲೇ ಇರ್ಲಿಲ್ಲ. ನಾನು ತಿರುಗಿಸಿದ್ದು. ಆ ಕೊನೇ ಮಾತೂ ನಾನೇ ಕಟ್ಟಿ ಹೇಳಿದ್ದು." ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಒಳಗೆ ಕೇಳಿಸಿತೋ ಇಲ್ಲವೋ. ನೆಲದ ಹಲಗೆ ಒಮ್ಮೆ ಕಿರುಗುಟ್ಟಿತು, ಆಮೇಲೆ ಅದೂ ಇಲ್ಲ.

ಅವಳು ಮಗ್ಗಿನ ಹೆಸರು ಬಾಗಿಲಿನ ಕಡೆ ಬರುವಂತೆ ಹಿಡಿದುಕೊಂಡಳು.

"ಕಾಫಿ ತಂದಿದೀನಿ. ಬಾಗಿಲು ತೆಗೀರಿ."

ಸ್ವಲ್ಪ ಹೊತ್ತು ಕಾದು, ಇನ್ನಷ್ಟು ಗಟ್ಟಿಯಾಗಿ ಕೇಳಿದಳು.

"ಬಾಗಿಲು ತೆಗೀರಿ ತಾತಾ."