ಮುಳ್ಳು ಹಾಕುವವರು

ಟೇಪು ಎಳೆದ ಸದ್ದು ಅದು, ಬೆಕ್ಕಿನ ಬಾಲ ತುಳಿದ ಹಾಗೆ ಒಂದು ಕಿರುಚು, ಆಮೇಲೆ ಹಲ್ಲಲ್ಲಿ ಕಚ್ಚಿ ಹರಿದದ್ದು, ಕತ್ತರಿ ಪಕ್ಕದಲ್ಲೇ ಇಟ್ಟಿದ್ದೇನೆ, ಆದರೂ ತಮ್ಮ ಹಲ್ಲಲ್ಲೇ ಹರಿಯುತ್ತಾನೆ, ಅರವತ್ತು ಹತ್ತಿರ ಬಂದರೂ ಹಲ್ಲಿನ ಮೇಲೆ ಅವನಿಗೆ ಅಷ್ಟು ನಂಬಿಕೆ, ಟೇಪು ಸೊಟ್ಟಗೆ ಕೂತಿರುತ್ತದೆ, ಅಡುಗೆಮನೆಯಿಂದಲೇ ಹೇಳಬಲ್ಲೆ, ಪೆಟ್ಟಿಗೆಯ ಬಾಯಿಗೆ ಅಡ್ಡ ಒಂದು, ಉದ್ದ ಒಂದು, ನಡುವೆ ಗಾಳಿ. ಬೈಂಡಿಂಗ್ ಕೆಲಸದಲ್ಲಿ ನಾನು ಹೀಗೆ ಅಂಟಿಸಿದ್ದರೆ ಮೇಸ್ತ್ರಿ ಕಿತ್ತು ಮೇಜಿನ ಮೇಲೆ ಎಸೆಯುತ್ತಿದ್ದರು, ಏನಮ್ಮ, ಲಕೋಟೆ ಅಂಟಿಸೋಕೆ ಬಂದಿದ್ದೀಯಾ ಎನ್ನುತ್ತಿದ್ದರು. ಹೇಳಬಾರದು, ಸುಮ್ಮನಿರಬೇಕು, ರಜೆ ಹಾಕಿ ಬಂದಿದ್ದಾನೆ, ಮೂರು ಮಹಡಿ ಹತ್ತಿ ಬಂದಿದ್ದಾನೆ, ನಾಳೆ ಬೆಳಿಗ್ಗೆ ಗಾಡಿ ಬರುತ್ತದೆ, ನಾಳೆಯಿಂದ ನಾನು ಅವನ ಮನೆಯ ನೆಲಮಹಡಿಯ ಹಿಂದಿನ ಕೋಣೆಯವಳು. ಈ ಮೆಟ್ಟಿಲು ಇನ್ನು ಮೊಣಕಾಲಿಗೆ ಆಗುವುದಿಲ್ಲ ಎಂದು ನಾನೇ ಒಪ್ಪಿಕೊಂಡದ್ದು, ಯಾರೂ ಬಲವಂತ ಮಾಡಲಿಲ್ಲ, ಅದೇ ಕಷ್ಟ, ಬಲವಂತ ಮಾಡಿದ್ದರೆ ಯಾರನ್ನಾದರೂ ಬೈಯಬಹುದಿತ್ತು. ತಮ್ಮನ ಹೆಂಡತಿ ಅಳತೆ ಟೇಪು ಹಿಡಿದು ಕೋಣೆಯೆಲ್ಲ ಅಳೆದಳು, ಒಳ್ಳೆಯ ಹುಡುಗಿ, ಹುಡುಗಿಯೇನು, ಅವಳಿಗೂ ಮಂಡಿ ಹಿಡಿಯುತ್ತದೆ ಈಗ, ಅಳೆದು ಹೇಳಿದಳು, ಅತ್ತಿಗೆ, ಮಂಚ ಹಿಡಿಯತ್ತೆ, ಬೀರು ಹಿಡಿಯತ್ತೆ, ಅದಾದ್ಮೇಲೆ ನೀವು ಹಿಡಿದ್ರೆ ಆಯ್ತು. ಇಬ್ಬರೂ ನಕ್ಕೆವು. ನನ್ನ ಹಾಡಿನ ರೆಕಾರ್ಡುಗಳ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ, ನಕ್ಕು ಮುಗಿದ ಮೇಲೆ ಆ ಮಾತು ಕೋಣೆಯ ನಡುವೆ ನಿಂತೇ ಇತ್ತು, ಸುತ್ತಿ ಬಳಸಿ ಹೊರಗೆ ಬಂದೆವು.

ಒಂದು ಇಡೀ ಗೋಡೆ ಅವು, ನೆಲದಿಂದ ನನ್ನ ಕೈಗೆಟುಕುವಷ್ಟು ಎತ್ತರಕ್ಕೆ, ಎಲ್ಲಕ್ಕೂ ಒಂದೇ ಬಣ್ಣದ ಕ್ಯಾಲಿಕೊ ಬಟ್ಟೆಯ ಬೆನ್ನು, ಬೆನ್ನಿನ ಮೇಲೆ ನನ್ನ ಅಕ್ಷರ. ಅಕ್ಕಾ, ಈಗ ಎಲ್ಲಾ ಫೋನಲ್ಲೇ ಸಿಗತ್ತೆ, ಬೆರಳಾಡಿಸಿದ್ರೆ ಸಾಕು, ಎಂದು ತಮ್ಮ ಹೇಳಿದಾಗ ಸಿಗಲ್ಲ ಎಂದು ವಾದ ಮಾಡಲು ಬಾಯಿ ತೆರೆದೆ, ಅವನು ಬೆರಳಾಡಿಸಿದ, ಸಿಕ್ಕಿತು, ನನ್ನ ಹತ್ತಿರ ಇರುವ ಕೊಳಲಿನ ರೆಕಾರ್ಡೇ, ತಟ್ಟೆಯ ಚರಚರ ಇಲ್ಲದೆ ತೊಳೆದು ಒಣಗಿಸಿದ ಹಾಗೆ ಸಿಕ್ಕಿತು, ಮುಗಿದ ಕೂಡಲೇ ಯಾರೂ ಕೇಳದ ಇನ್ನೊಂದು ಹಾಡು ತಾನಾಗಿ ಶುರುವಾಯಿತು. ಮಗ್ಗುಲು ಬದಲಿಸಲು ಏಳಬೇಕಾಗಿಲ್ಲ. ಏಳದೆ ಕೇಳಿದ್ದು ಕೇಳಿದ ಹಾಗಾ ಎಂದು ಅನ್ನಿಸಿತು, ಬಲಗಿವಿ ಅರ್ಧ ಮುಚ್ಚಿರುವವಳು ಹೀಗೆಲ್ಲ ಹೇಳಬಹುದೇ, ಏಳಲು ಎರಡು ಸಲ ಗೋಡೆ ಹಿಡಿಯುವವಳು. ಹಾಡಿಸುವ ಯಂತ್ರ ಕೊಳ್ಳುವ ಮೊದಲೇ ರೆಕಾರ್ಡು ಕೊಂಡವಳು ನಾನು. ಸಂಜೆ ಕಾಲೇಜು ಬಿಟ್ಟು ಬರುವ ದಾರಿಯ ಅಂಗಡಿಯಲ್ಲಿ ಆ ಕೊಳಲನ್ನು ಹಾಕಿದ್ದರು, ಅರ್ಥಶಾಸ್ತ್ರದ ಪುಸ್ತಕ ಎದೆಗವಚಿಕೊಂಡು ಹೊರಗೇ ನಿಂತೆ, ಒಳಗೆ ಹೋದರೆ ಕೊಳ್ಳಬೇಕಾಗುತ್ತದೆ ಎಂದು ಭಯ, ಕೊನೆಗೆ ಕೊಂಡೇಬಿಟ್ಟೆ, ಮನೆಗೆ ತಂದ ಮೇಲೆ ಅಪ್ಪ ಕೇಳಿದ, ಇದನ್ನ ಏನ್ ಮಾಡ್ತೀಯ, ಮೇಲೆ ಅನ್ನ ಹಾಕ್ಕೊಂಡು ತಿಂತೀಯಾ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದೆ, ಗೆರೆಗಳು ಕೆಲವು ಕಡೆ ದಟ್ಟ ಕೆಲವು ಕಡೆ ತೆಳು, ಇಲ್ಲಿ ಮೆಲ್ಲಗೆ ಇರಬೇಕು, ಇಲ್ಲಿ ಜೋರು ಎಂದು ಊಹೆ, ಯಂತ್ರ ಬರುವ ತನಕ ಕಣ್ಣಲ್ಲೇ ಕೇಳಿದ್ದು, ಬಂದ ಮೇಲೆ ನೋಡಿದರೆ ಊಹೆ ಅರ್ಧ ಸರಿ ಇತ್ತು, ಆ ಅರ್ಧ ಸರಿಯಾದದ್ದಕ್ಕೆ ಪಟ್ಟ ಖುಷಿಯನ್ನು ಆಮೇಲೆ ಯಾವುದಕ್ಕೂ ಪಡಲಿಲ್ಲವೇನೋ. ಇವನ್ನೆಲ್ಲ ಸುಮ್ಮನೆ ಕೊಡುತ್ತೇನೆ ಎಂದು ಹೋದಾಗ ಗ್ರಂಥಾಲಯದ ಹೆಣ್ಣುಮಗಳು ಮರ್ಯಾದೆಯಾಗಿಯೇ ಹೇಳಿದಳು, ಮೇಡಂ, ನಮ್ಮಲ್ಲಿ ಹಾಕೋ ಮೆಷಿನ್ನೇ ಇಲ್ಲ, ಇಲ್ಲಿ ಧೂಳು ತಿನ್ನೋ ಬದಲು ನಿಮ್ಮನೇಲೇ ತಿನ್ನಲಿ ಬಿಡಿ. ಹಳೆಯ ರೆಕಾರ್ಡಿನ ಅಂಗಡಿಯವರು ಸ್ಯಾಂಪಲ್ಲಿಗೆ ಒಯ್ದದ್ದನ್ನು ತಿರುಗಿಸಿ ಮುರುಗಿಸಿ ನೋಡಿ, ಜಾಕೆಟ್ ಎಲ್ಲಿ, ಕಂಪನಿಯ ಚಿತ್ರ ಇರೋ ಕವರು, ಎಂದರು. ಹರಿದಿದ್ದವು, ಅಂಚು ಬಿಟ್ಟಿದ್ದವು, ನಾನೇ ರಟ್ಟು ಕತ್ತರಿಸಿ, ಬಟ್ಟೆ ಅಂಟಿಸಿ, ಬೆನ್ನು ಹೊಲಿದು, ಒಂದೊಂದಕ್ಕೂ ಹೊಸ ಕವಚ ಮಾಡಿದೆ ಎಂದೆ, ಎನ್ನುವಾಗ ಸ್ವಲ್ಪ ಜಂಬವೂ ಇತ್ತು, ಹೊಲಿಗೆ ನೋಡಿ ಎಂದು ಬೆನ್ನನ್ನು ಅವರ ಕಡೆಗೆ ತಿರುಗಿಸಿದೆ. ಹಳೇದು? ಹಳೆಯದನ್ನು ರದ್ದಿಗೆ ಹಾಕಿದೆ. ಆತ ನನ್ನ ಮುಖವನ್ನು ನೋಡಿದ ರೀತಿ, ಮದುವೆಮನೆಯಲ್ಲಿ ಮದುಮಗಳನ್ನೇ ರದ್ದಿಗೆ ಹಾಕಿ ಬಂದವರನ್ನು ನೋಡುವ ಹಾಗೆ. ಜನ ಕೊಳ್ಳೋದೇ ಜಾಕೆಟ್ ಮೇಡಂ, ಫ್ರೇಮ್ ಹಾಕ್ಸಿ ಗೋಡೆಗೆ ತೂಗಾಕ್ತಾರೆ, ರೆಕಾರ್ಡು ಯಾರಿಗೆ ಬೇಕು. ಒಪ್ಪವಾಗಿ ಮಾಡಿದ ಕೆಲಸ ತಪ್ಪಾಗುವುದು ಎಂದರೇನು, ಅಡ್ಡಾದಿಡ್ಡಿ ಇಟ್ಟುಕೊಂಡವರು ಗೆದ್ದರು, ಬೆಲ್ಲದ ಡಬ್ಬದ ಹಾಗೆ ಇರುವೆ ಮುತ್ತಿಸಿಕೊಂಡವರ ಹತ್ತಿರ ಜಾಕೆಟ್ ಇದೆ, ನನ್ನ ಹತ್ತಿರ ಹೊಲಿಗೆ ಇದೆ.

ಅದಕ್ಕೇ, ಇವತ್ತು ರೆಕಾರ್ಡು ಒಯ್ಯಲು ಬಂದಿರುವ ಈ ಮನುಷ್ಯ ಫೋನಿನಲ್ಲಿ ಸಿಕ್ಕಾಗ ಕಣ್ಣು ತುಂಬಿ ಬಂದಿತ್ತು, ಹಾಳಾದ್ದು. ತಮ್ಮನ ಆಫೀಸಿನ ಯಾರೋ ಕೊಟ್ಟ ನಂಬರು, ಹಳೆ ರೆಕಾರ್ಡು ತಗೋತಾರಂತೆ, ಜಾಕೆಟ್ ಕೇಳಲ್ಲವಂತೆ. ಕೇಳಲಿಲ್ಲ. ಜಾಕೆಟ್ ನಮಗೆ ಬೇಡವೇ ಬೇಡ ಮೇಡಂ ಎಂದ. ನನಗೆ ಬೇಕಾಗಿದ್ದದ್ದು ಒಂದೇ, ಅದನ್ನೇ ಸುತ್ತಿ ಬಳಸಿ ಕೇಳಿದೆ, ನೇರವಾಗಿ ಕೇಳಿದರೆ ಮುದುಕಿಯ ಹುಚ್ಚು ಎಂದುಕೊಂಡಾನು – ನೀವು ಇವನ್ನ ಸುಮ್ನೆ ಪೇರಿಸಿ ಇಡೋದಿಲ್ಲ ತಾನೆ? ಅಯ್ಯೋ, ಯಾಕೆ ಪೇರಿಸ್ತೀವಿ, ಎಲ್ಲದಕ್ಕೂ ಮುಳ್ಳು ಹಾಕ್ತೀವಿ ಮೇಡಂ, ಒಂದನ್ನೂ ಬಿಡಲ್ಲ. ಎಲ್ಲದಕ್ಕೂ ಮುಳ್ಳು ಹಾಕ್ತೀವಿ. ಆ ಮಾತನ್ನು ಇನ್ನೊಂದು ಸಲ ಹೇಳಿಸಿಕೊಳ್ಳಬೇಕೆಂದೇ ಕೇಳಿದೆ, ಗೀರು ಬಿದ್ದಿರೋದಕ್ಕೂ ಹಾಕ್ತೀರಾ? ಅದಕ್ಕೂ ಹಾಕ್ತೀವಿ, ಗೀರು ಯಾರು ನೋಡ್ತಾರೆ. ನೋಡ್ತಾರೆ ಎಂದನೋ ಕೇಳ್ತಾರೆ ಎಂದನೋ, ಆಗ ಯೋಚಿಸಲಿಲ್ಲ, ಬಲಗಿವಿಗೆ ಹಿಡಿದಿದ್ದೆ ಫೋನು. ಹೂಂ ಎಂದೆ, ತಗೊಂಡು ಹೋಗಿ ಎಂದೆ, ತಮ್ಮನಿಗೆ ಹೇಳಿದೆ, ನೋಡು, ಹಾಕಿ ಕೇಳೋ ಜನ ಇನ್ನೂ ಇದ್ದಾರೆ ಕಣೋ, ಅವನು ಸದ್ಯ ಎಂದು ಕೈಮುಗಿದ. ಇದ್ದಬದ್ದ ರೆಕಾರ್ಡನ್ನೆಲ್ಲ ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ, ಒಳಗಿನಿಂದ ಹೊರಕ್ಕಲ್ಲ, ಗೆರೆಯ ಗುಂಟ, ಒರೆಸುವಾಗ ಕಣ್ಣ ಮುಂದೆ ಒಂದು ಕೋಣೆ, ನಾಲ್ಕಾರು ಕುರ್ಚಿ, ಯಾರೋ ಒಬ್ಬರು ಬಗ್ಗಿ, ಉಸಿರು ಹಿಡಿದು, ಮುಳ್ಳನ್ನು ಇಳಿಸುವುದು, ಇಳಿದ ಮೇಲೆ ಹಾಡಿಗೆ ಮೊದಲು ಬರುತ್ತದಲ್ಲ ಆ ಸ್ವಲ್ಪ ಹೊತ್ತು, ಏನೂ ಇಲ್ಲದ್ದರ ಸದ್ದು, ಅದನ್ನು ನಾನು ಇಲ್ಲದಾಗಲೂ ಯಾರೋ ಕೇಳುತ್ತಿರುತ್ತಾರೆ ಎಂಬುದು, ಅಷ್ಟಾದರೆ ಸಾಕಿತ್ತು, ಅಷ್ಟೇ ಬೇಕಿತ್ತು, ಹೆಚ್ಚಾಯಿತೇ?

ಈಗ ಆ ಮನುಷ್ಯ ಮುಂದಿನ ಕೋಣೆಯಲ್ಲಿದ್ದಾನೆ, ನಾನು ಟೀ ಲೋಟ ಹಿಡಿದು ಬಾಗಿಲಲ್ಲಿದ್ದೇನೆ, ಅವನು ಕವಚಗಳನ್ನು ಸುಲಿಯುತ್ತಿದ್ದಾನೆ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಪಕ್ಕಕ್ಕೆ ಎಸೆದು, ತಟ್ಟೆಗಳನ್ನು ಒಂದರ ಮೇಲೊಂದು ಬರಿಮೈಯಲ್ಲಿ ಪೇರಿಸಿ, ತಮ್ಮನ ಕೈಗೆ ಕೊಡುತ್ತಿದ್ದಾನೆ, ತಮ್ಮ ಪೆಟ್ಟಿಗೆಗೆ ತುಂಬಿ ಟೇಪು ಎಳೆಯುತ್ತಿದ್ದಾನೆ. ರಟ್ಟು ನೀವೇ ಇಟ್ಕೊಳ್ಳಿ ಮೇಡಂ, ನಮಗೆ ಸುಮ್ನೆ ಭಾರ. ಐದೂ ಬೆರಳು ಗೆರೆಯ ಮೇಲೆ. ಹಾಗೆ ಮುಟ್ಟಬೇಡಿ ಎಂದೆ, ಮೆಲ್ಲಗೆ ಎಂದೆ, ಜನರ ಮನಸ್ಸು ನೋಯಬಾರದಲ್ಲ, ಆಮೇಲೆ ಕಾರಣವನ್ನೂ ಸೇರಿಸಿದೆ, ಜಿಡ್ಡಾದ್ರೆ ಮುಳ್ಳು ಸರಿಯಾಗಿ ಕೂರಲ್ಲ. ಅವನು ತಲೆಯೆತ್ತಿ ನಕ್ಕ, ಮುಳ್ಳು ನಡುವಿನ ತೂತಿಗೆ ತಾನೇ ಕೂರೋದು ಮೇಡಂ, ಜಿಡ್ಡಿಗೂ ಅದಕ್ಕೂ ಏನು ಸಂಬಂಧ. ನಡುವಿನ ತೂತಿಗಾ? ನೋಡಿ, ತೋರಿಸ್ತೀನಿ, ಎಂದು ಚೀಲದಿಂದ ತೆಗೆದು ಮೇಜಿನ ಮೇಲೆ ನನ್ನ ಯಂತ್ರಕ್ಕೆ ಒರಗಿಸಿ ನಿಲ್ಲಿಸಿದ. ರೆಕಾರ್ಡು. ಅಂಚಿನ ಸುತ್ತ ಅಂಟಿಸಿದ ಅಂಕಿಗಳು. ನಡುವಿನ ತೂತಿನಿಂದ ಹೊರಟ ಬಿಳಿಯ ಎರಡು ಮುಳ್ಳು, ಕೂದಲಿನಂಥ ಕೆಂಪು ಮುಳ್ಳು ಒಂದು. ಗೋಡೆ ಗಡಿಯಾರ ಮೇಡಂ, ಹೋಟೆಲಿನವರು ಸಾಲಾಗಿ ತೂಗಾಕ್ತಾರೆ, ತುಂಬಾ ಚೆನ್ನಾಗಿ ಹೋಗತ್ತೆ. ಕೆಂಪು ಮುಳ್ಳು ತಟ್ಟೆಯ ಮೇಲೆ ಓಡುತ್ತಿತ್ತು, ತಟ್ಟೆ ನಿಂತಿತ್ತು. ಮುಳ್ಳು ಅಂದ್ರೆ ಇದಾ ಎಂದೆ. ಮತ್ತೆ ಇನ್ನೇನು ಮೇಡಂ? ಅವನು ಸುಳ್ಳು ಹೇಳಿರಲಿಲ್ಲ, ಒಂದಕ್ಷರವೂ, ಹೇಳಿದ್ದರೆ ಎಷ್ಟು ಚೆನ್ನಾಗಿತ್ತು, ಮುಖಕ್ಕೆ ಹೇಳಿ ಕಳಿಸಬಹುದಿತ್ತು, ಎಲ್ಲದಕ್ಕೂ ಮುಳ್ಳು ಹಾಕುತ್ತಾನೆ, ಒಂದನ್ನೂ ಬಿಡುವುದಿಲ್ಲ, ಗೀರು ಯಾರೂ ನೋಡುವುದಿಲ್ಲ, ಎಲ್ಲ ನಿಜ, ಇಂಥ ಎರಡು ವಸ್ತುವಿಗೆ ಒಂದೇ ಮಾತು ಇಟ್ಟವರು ಯಾರೋ ಅವರನ್ನು ಹುಡುಕಿಕೊಂಡು ಹೋಗಿ ಬೈಯಬೇಕು. ಹತ್ತಿರ ಹೋದೆ, ಲೇಬಲ್ಲಿನ ಅರ್ಧ ಕಾಣುತ್ತಿತ್ತು, ಕಂಡದ್ದೇ ಗುರುತು ಹತ್ತಿತು, ಕೊಳಲು, ಅದೇ ಕೊಳಲು, ನನ್ನದಲ್ಲ, ಇನ್ಯಾರದ್ದೋ, ನನ್ನ ಹಾಗೆ ಇನ್ಯಾವಳೋ ಯಾವ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದಳೋ, ಅವಳೂ ಹೂಂ ಎಂದಿದ್ದಳೋ.

ಹೂಂ ಎಂದವಳು ನಾನೇ, ಮಾತು ಕೊಟ್ಟು ಕರೆಸಿದ್ದೇನೆ, ಅವನು ಬಾಡಿಗೆ ಗಾಡಿ ನಿಲ್ಲಿಸಿ ಬಂದಿದ್ದಾನೆ, ಬೇಡ ಎನ್ನುವುದು ಹೇಗೆ, ಯಾವ ಮುಖ ಇಟ್ಟುಕೊಂಡು, ತಮ್ಮ ಮೊದಲನೆಯ ಪೆಟ್ಟಿಗೆಯನ್ನು ಮೆಟ್ಟಿಲ ಬಾಗಿಲಿಗೆ ತಳ್ಳಿ ಆಗಿದೆ, ಸೊಂಟ ಹಿಡಿದು ನೆಟ್ಟಗಾಗುತ್ತಿದ್ದಾನೆ, ಕೆಂಪು ಮುಳ್ಳು ಓಡುತ್ತಿದೆ, ಒಂದು ಸುತ್ತಿನಲ್ಲಿ ಇಡೀ ಕೊಳಲಿನ ಮೇಲೆ ಹಾದು ಒಂದು ಸ್ವರವನ್ನೂ ಮುಟ್ಟದೆ – ನಾನು ಹೋಗಿ ಪೆಟ್ಟಿಗೆಯ ಮೇಲೆ ಕೂತೆ. ಕೂರಬೇಕೆಂದುಕೊಂಡಿರಲಿಲ್ಲ. ರಟ್ಟು ಸ್ವಲ್ಪ ಕುಸಿಯಿತು, ಟೇಪು ಬಿಟ್ಟಿತು, ಆಗಲೇ ಅಂದುಕೊಂಡಿದ್ದೆನಲ್ಲ. ಟೀ ಚೆಲ್ಲಲಿಲ್ಲ. ಅಕ್ಕಾ, ಮೊಣಕಾಲು ನೋಯ್ತಿದ್ಯಾ? ಇಲ್ಲ. ಮತ್ತೆ ಏಳು, ಅವರು ಹೊರಡಬೇಕು. ಇವು ಹೋಗಲ್ಲ, ಎಂದೆ. ಕ್ಷಮಿಸಿ, ನನ್ನದೇ ತಪ್ಪು, ನಾನು ಬೇರೆ ಮುಳ್ಳು ಅಂದ್ಕೊಂಡಿದ್ದೆ. ಗಡಿಯಾರದವನು ತಮ್ಮನನ್ನು ನೋಡಿದ, ತಮ್ಮ ಗೋಡೆಯನ್ನು ನೋಡಿದ, ಬೇರೆ ಮುಳ್ಳಾ ಎಂದ, ಇದ್ಯಾವ ಹೊಸ ರಾಗ ಅಕ್ಕಾ, ಅಂದೇ ನೀನೇ ಕುಣಿದಾಡ್ಕೊಂಡು ಹೇಳಿದ್ಯಲ್ಲ. ಹೇಳಿದ್ದೆ. ಗಡಿಯಾರದವನು ಒಳ್ಳೆಯವನು, ಅದೂ ಒಂದು ತೊಂದರೆ, ಪೀಠಿಕೆ ಹಾಕದೆ, ಬೇಜಾರಿಲ್ಲ ಮೇಡಂ, ಅರ್ಧನಾದ್ರೂ ಕೊಡ್ತೀರಾ, ಗೀರು ಬಿದ್ದಿರೋದು, ನೀವು ಕೇಳದೇ ಇರೋದು ಎಂದ. ನಾನು ಕೇಳದೇ ಇರುವುದು ಯಾವುದು, ಈ ಕಿವಿಗೆ ಈಗ ಪಿಟೀಲಿನ ತುದಿಯೇ ಕೇಳುವುದಿಲ್ಲ, ಹಾಗೆ ನೋಡಿದರೆ ಎಲ್ಲವೂ ಕೇಳದೇ ಇರುವುದೇ, ಕೊಟ್ಟುಬಿಡಬಹುದು, ನ್ಯಾಯವಾಗಿ ನೋಡಿದರೆ ಕೊಟ್ಟುಬಿಡಬೇಕು, ಇನ್ನೊಬ್ಬರ ಮನೆಗೆ ಹೊರಟವಳು ನ್ಯಾಯವಾಗಿ ನೋಡಬೇಕು. ಬೇಡ, ಎಂದೆ. ಕಾಲೆಳೆದುಕೊಂಡು ಎದ್ದು ದಾರಿ ಬಿಡಲಿಲ್ಲ, ಪೆಟ್ಟಿಗೆಯ ಪಕ್ಕದ ಸಂದಿಯಲ್ಲಿ ಅವನೇ ಓರೆಯಾಗಿ ನುಸುಳಿ ಇಳಿದುಹೋದ, ಬರಿಗೈಯಲ್ಲಿ, ಗಡಿಯಾರ ಇಲ್ಲೇ ಇರಲಿ ಮೇಡಂ, ಮನಸ್ಸು ಬದಲಾದ್ರೆ ಫೋನ್ ಮಾಡಿ, ಎಂದು ಕೆಳಗಿನ ತಿರುವಿನಿಂದ ಕೂಗಿ. ಬಾಗಿಲು ತೆರೆದೇ ಇತ್ತು. ತಮ್ಮ ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಉತ್ತರ ಕೊಡುತ್ತಿದ್ದೆ, ರೆಕಾರ್ಡು ಬರದಿದ್ದರೆ ನಾನೂ ಬರಲ್ಲ ಎನ್ನುತ್ತಿದ್ದೆ, ನಾಲಿಗೆಯ ತುದಿಗೆ ಬಂದಿತ್ತು. ಅವನು ಬೈಯಲಿಲ್ಲ. ಕವಚಗಳ ರಾಶಿಯ ನಡುವೆ ನೆಲಕ್ಕೆ ಕೂತ, ಒಂದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡ, ಕುಂಟುತ್ತಿರುವ ಮಗುವನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದ, ಬಲಗಿವಿಗೂ ಕೇಳುವ ಹಾಗೆ, ಸರಿ ಅಕ್ಕಾ, ಕೊಡೋದು ಬೇಡ. ಆದ್ರೆ ಎಲ್ಲಿಗೆ? ನೀನೇ ಹೇಳು, ನಾಳೆ ಬೆಳಿಗ್ಗೆ ಗಾಡಿಯವನು ಬಂದ್ರೆ ಇವನ್ನ ಎಲ್ಲಿಗೆ ಅಂತ ಹೇಳಲಿ? ಎಲ್ಲಿಗೆ. ಎಲ್ಲಿಗೆ ಎಂದರೆ – ಅವನ ತಲೆಯ ಹಿಂದೆ ಮೇಜಿನ ಮೇಲೆ ಅದು ಓಡುತ್ತಿದೆ, ಕೆಂಪು ಮುಳ್ಳು, ಅಂಚಿನ ಗೆರೆಯ ಮೇಲೆ, ನನ್ನ ಯಂತ್ರದ ಮುಳ್ಳಾಗಿದ್ದರೆ ಒಂದೊಂದು ಸುತ್ತಿಗೂ ಕೂದಲೆಳೆಯಷ್ಟು ಒಳಕ್ಕೆ ಸರಿಯುತ್ತಿತ್ತು, ಸರಿದು ಸರಿದು ಹಾಡು ಮುಗಿಯುತ್ತಿತ್ತು, ಮುಗಿದರೆ ಎದ್ದು ಮಗ್ಗುಲು ಬದಲಿಸಬಹುದಿತ್ತು, ಎಲ್ಲಿಗೆ ಅಕ್ಕಾ, ಇದು ಸುತ್ತುತ್ತದೆ, ಮೊದಲು ಎಲ್ಲಿತ್ತೋ ಅಲ್ಲಿಗೇ ಬರುತ್ತದೆ, ಸುತ್ತುತ್ತದೆ, ಒಳಕ್ಕೆ ಸರಿಯುವುದಿಲ್ಲ, ಸುತ್ತುತ್ತದೆ, ಒಳಕ್ಕೆ ಸರಿಯುವುದಿಲ್ಲ