ನಿದ್ದೆಗೆ ಸಾಕ್ಷಿ

ತಮ್ಮ ಒಳ್ಳೆಯವನು, ಶ್ರಮಜೀವಿ, ಅಷ್ಟು ಹೇಳಿ ಕಟಕಟೆಯಿಂದ ಇಳಿದುಬಿಡಿ ಎಂದು ವಕೀಲರು ಅಕ್ಕನಿಗೆ ಮೂರು ಸಲ ಪಾಠ ಮಾಡಿದ್ದರು. ಆದರೆ ಅವಳು ದರ್ಜಿ. ಅಳತೆಗಿಂತ ಒಂದಿಂಚು ಹೆಚ್ಚು ಹೇಳಿ ಅಭ್ಯಾಸವಿಲ್ಲ.

ತಮ್ಮ ಬಾಡಿಗೆ ಕಾರಿನ ಚಾಲಕ. ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಇಬ್ಬರು ಗೆಳೆಯರನ್ನು ಗಡಿಯಾರದಂಗಡಿಗೆ ಕರೆದೊಯ್ದಿದ್ದ. ದರೋಡೆಗೆ ಹೊರಟಿದ್ದು ಅವನಿಗೂ ಗೊತ್ತಿತ್ತು. ನೀನು ಕಾರಲ್ಲೇ ಇರು ಎಂದರು. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತಾಯಿತು. ಒಳಗೆ ಅಂಗಡಿಯವರ ಕೊಲೆಯಾಯಿತು. ಕೊಂದವರು ಓಡಿಬಂದು ಎಷ್ಟು ಬಡಿದರೂ ಕಾರಿನ ಬಾಗಿಲು ತೆರೆಯಲಿಲ್ಲ. ಕಾಲಿಗೆ ಬುದ್ಧಿ ಹೇಳಿದವರು ಮುಂದಿನ ಬೀದಿಯಲ್ಲೇ ಸಿಕ್ಕಿಬಿದ್ದರು. ತಮ್ಮನನ್ನು ಎಬ್ಬಿಸಿದ್ದು ಪೊಲೀಸರು.

ದರೋಡೆಗೆ ಜೊತೆಯಾದವನೂ ಕೊಲೆಗಾರನೇ ಎನ್ನುತ್ತಿತ್ತು ಆ ರಾಜ್ಯದ ಆಗಿನ ಕಾನೂನು. ಮೂವರಿಗೂ ಜೀವಾವಧಿಯಾಯಿತು. ಈಗ ಕಾನೂನು ಬದಲಾಗಿ, ಕೊಲೆಯಲ್ಲಿ ಕೈಯಿಲ್ಲದವನು ಶಿಕ್ಷೆಯ ಮರುಪರಿಶೀಲನೆ ಕೇಳಬಹುದಿತ್ತು.

ಅಂಥ ಗಲಾಟೆಯಲ್ಲಿ ಮಲಗುವವರುಂಟೇ, ಅವನು ಕಾವಲಿಗಿದ್ದವನು ಎಂದು ಸರ್ಕಾರಿ ವಕೀಲರು ವಾದಿಸಿದರು. ಅಕ್ಕ ಕಟಕಟೆ ಹತ್ತಿದಳು. ತಮ್ಮ ಶ್ರಮಜೀವಿಯೇ ಎಂದು ಅವನ ವಕೀಲರು ಕೇಳಿದ್ದಕ್ಕೆ, ಸುಳ್ಳು ಯಾಕೆ ಹೇಳಲಿ, ಅಲ್ಲ ಎಂದಳು. ಮದುವೆಯ ಫೋಟೋಗೆ ನಿಂತಲ್ಲೇ ನಿದ್ದೆಹೋದದ್ದು, ಹಲ್ಲು ಕೀಳಿಸಿಕೊಳ್ಳುತ್ತ ಗೊರಕೆ ಹೊಡೆದದ್ದು, ಹೆಂಡತಿ ಬಿಟ್ಟುಹೋದದ್ದು ಮಾರನೆಯ ಸಂಜೆ ಗೊತ್ತಾದದ್ದು, ಎಲ್ಲವನ್ನೂ ತಾರೀಖು ಸಮೇತ ಒಪ್ಪಿಸಿದಳು. ಅವರ ವಕೀಲರು ತಲೆ ಮೇಲೆ ಕೈಹೊತ್ತು ಕೂತರು.

ನ್ಯಾಯಾಧೀಶೆ ಕೈದಿಯತ್ತ ತಿರುಗಿ, ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ಅವನ ಗದ್ದ ಎದೆಗೆ ತಾಗಿತ್ತು, ಬಾಯಿ ಅರೆ ತೆರೆದಿತ್ತು. ಪಕ್ಕದ ಪೇದೆ ಗಾಬರಿಯಾಗಿ ಭುಜಕ್ಕೆ ಕೈಹಾಕಿದ.

"ಇರಲಿ ಬಿಡಿ," ಎಂದು ತಡೆದ ನ್ಯಾಯಾಧೀಶೆ ಗುಮಾಸ್ತರಿಗೆ, "ಇದನ್ನೂ ಬರ್ಕೊಳ್ಳಿ," ಎಂದರು.

ಸರ್ಕಾರಿ ವಕೀಲರೂ ನಕ್ಕರು. ಸತ್ತ ಅಂಗಡಿಯವರ ಹೆಂಡತಿ ಎದ್ದು ನಿಂತ ಮೇಲೆ ನಗು ನಿಂತಿತು.

"ಇವನು ಮಲಗಿದ್ದ ಅಂತ ನಾನೂ ನಂಬ್ತೀನಮ್ಮ," ಎಂದಳು ಆಕೆ, ದರ್ಜಿಯತ್ತ ತಿರುಗಿ. "ಆದ್ರೆ ಎಚ್ಚರ ಇದ್ದಿದ್ರೆ, ಒಬ್ಬನಾದ್ರೂ ಬೇಡ ಅಂತಿದ್ನೇನೋ. ಅದೇ ನಂಗೆ ಸಂಕಟ."

ಅಷ್ಟರಲ್ಲಿ ಅವನಿಗೆ ಎಚ್ಚರವಾಗಿತ್ತು.

"ಅಂತಿರ್ಲಿಲ್ಲ ಅಕ್ಕಾ," ಎಂದ ಆಕೆಗೆ, ತಲೆ ತಗ್ಗಿಸಿ. "ನಾನು ಪುಕ್ಕಲ. ಆದ್ರೆ ಅನ್ಬೇಕಿತ್ತು."

ಅವನ ವಕೀಲರು ಮತ್ತೆ ತಲೆ ಮೇಲೆ ಕೈಹೊತ್ತರು. ಆದರೂ ಕೊಲೆಯ ತೀರ್ಪು ರದ್ದಾಯಿತು. ದರೋಡೆಗೆ ಹತ್ತು ವರ್ಷ, ಅದರಲ್ಲಿ ಉಳಿದದ್ದು ಹತ್ತು ತಿಂಗಳು.

ಹೊರಗೆ ಬಸ್ ನಿಲ್ದಾಣದಲ್ಲಿ ಇರುವುದು ಒಂದೇ ಬೆಂಚು. ಅಂಗಡಿಯವರ ಹೆಂಡತಿ ಅಲ್ಲಿ ಕೂತಿದ್ದಳು. ಏನು ಹೇಳಬೇಕೆಂದು ತಿಳಿಯದೆ ದರ್ಜಿ ದೂರ ನಿಂತಳು. ಆಕೆ ಚೀಲವನ್ನು ಮಡಿಲಿಗೆ ಎಳೆದುಕೊಂಡು ಜಾಗ ಮಾಡಿಕೊಟ್ಟಳು. ದರ್ಜಿ ಕೂತಳು. ದರ್ಜಿಯ ಬಸ್ಸು ಬಂತು, ಹೋಯಿತು. ಅವಳು ಏಳಲಿಲ್ಲ.