ಗ್ಯಾಸಿನ ಸರತಿಯಲ್ಲಿ ಬನ್ನಿ

ನೀಲಿಮಾಳಿಗೆ ಓರಗಿತ್ತಿ ಸಪ್ನಾಳ ಮೇಲೆ ಹೊಟ್ಟೆಕಿಚ್ಚು ಹತ್ತಿದ್ದು ಹೊಸ ಕಾರು ಬಂದ ದಿನವಲ್ಲ. ಆ ದಿನ ಅವಳೇ ಮುಂದೆ ನಿಂತು ಆರತಿ ಬೆಳಗಿದ್ದಳು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದಳು, ಓಣಿಗೆಲ್ಲ ಪೇಢೆ ಹಂಚಿದ್ದಳು. ಕಿಚ್ಚು ಹತ್ತಿದ್ದು ಅದಾದ ಒಂದು ವಾರಕ್ಕೆ, ಒಂದು ಸಾದಾ ಮಂಗಳವಾರ ಸಂಜೆ.

ಅಂದು ಅವಳು ಪುಣೆಯ ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಲೆಕ್ಕದ ಕೆಲಸ ಮುಗಿಸಿ, ಕೊಂಢವಾ ರಸ್ತೆಯ ಸಿಎನ್‌ಜಿ ಪಂಪಿನಲ್ಲಿ ತನ್ನ ಕಾರಿಗೆ ಗ್ಯಾಸು ತುಂಬಿಸಲು ಸರತಿಯಲ್ಲಿ ಒಂದೂವರೆ ತಾಸು ನಿಂತು ಧನಕವಡಿಯ ಮನೆಗೆ ಬಂದಿದ್ದಳು. ಮೈಯೆಲ್ಲ ಬಸ್ಸಿನ ಹೊಗೆಯ ವಾಸನೆ. ಅವಳ ಹಿಂದೆಯೇ ಸಪ್ನಾಳ ಕರೆಂಟಿನ ಕಾರು ಸದ್ದಿಲ್ಲದೆ ಒಳಗೆ ಬಂತು. ಸಪ್ನಾ ಇಳಿದಳು, ಗೋಡೆಗೆ ತೂಗುಹಾಕಿದ್ದ ಕೇಬಲ್ ತೆಗೆದು ಕಾರಿಗೆ ಚುಚ್ಚಿದಳು, ಕೈ ಒರೆಸಿಕೊಂಡಳು.

"ಆತು?" ಎಂದು ಕೇಳಿದಳು ನೀಲಿಮಾ.

"ಆತ್ರೀ ಅಕ್ಕಾರ. ಮುಂಜಾನೆ ಎದ್ದಾಗ ತುಂಬಿರ್ತದ. ನಾ ಅಂತೂ ಈಗ ಮೀಟರ್ ನೋಡೂದ ಬಿಟ್ಟೇನಿ."

ಹೀಗೆ ಹೇಳಿ ಸಪ್ನಾ ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಹೋದಳು. ಅವಳಿಗೆ ಜಂಬ ಕೊಚ್ಚುವ ಉದ್ದೇಶವಿರಲಿಲ್ಲ. ಅದೇ ನೀಲಿಮಾಳನ್ನು ಹೆಚ್ಚು ಚುಚ್ಚಿತು. ಮೀಟರ್ ನೋಡುವುದನ್ನೇ ಬಿಟ್ಟಿದ್ದಾಳಂತೆ! ನೀಲಿಮಾಳ ದಿನ ಶುರುವಾಗುವುದೇ ಮೀಟರಿನಿಂದ. ಗ್ಯಾಸು ಎರಡು ಕಡ್ಡಿಗೆ ಇಳಿದರೆ ಯಾವ ಪಂಪಿನಲ್ಲಿ ಪ್ರೆಷರ್ ಇದೆ, ಎಲ್ಲಿ ಸಾಲು ಕಡಿಮೆ, ಮಧ್ಯಾಹ್ನವೇ ಹೊರಟರೆ ಸಾಹುಕಾರರು ಏನೆಂದಾರು ಎಂದು ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಪೆಟ್ರೋಲ್ ಹಾಕಿಸೋಣವೆಂದರೆ ಮಳೆಗಾಲದಿಂದ ಅವಳ ಕಾರು ಪೆಟ್ರೋಲಿನಲ್ಲಿ ಏರು ಹತ್ತುವಾಗ ಕೆಮ್ಮಿ ನಿಲ್ಲುತ್ತಿತ್ತು; ರಿಪೇರಿ ಮುಂದೂಡುತ್ತ ಬಂದಿದ್ದಳು.

ಆ ಮನೆಯಲ್ಲಿ ಮೊದಲು ಕಾರು ಕಲಿತವಳು ನೀಲಿಮಾ. ಸಪ್ನಾ ಮದುವೆಯಾಗಿ ಬಂದಾಗ ಕ್ಲಚ್ ಯಾವುದು ಬ್ರೇಕ್ ಯಾವುದು ಎಂದು ತೋರಿಸಿ, ಭಾನುವಾರ ಮುಂಜಾನೆ ಖಾಲಿ ರಸ್ತೆಯಲ್ಲಿ ಪಕ್ಕದಲ್ಲಿ ಕೂತು ಕಲಿಸಿದವಳೂ ಅವಳೇ. ಈಗ ಸಪ್ನಾಳ ಕಾರಿಗೆ ಕ್ಲಚ್ಚೇ ಇಲ್ಲ. ಅದೂ ಹೋಗಲಿ. ಮನೆಯ ಕೆಳಗೆ ನೆರಳಿರುವ ಜಾಗ ಒಂದೇ, ಮೆಟ್ಟಿಲಡಿಯ ಮೀಟರ್ ಕಪಾಟಿನ ಪಕ್ಕ. ಅಲ್ಲಿ ಇಷ್ಟು ವರ್ಷ ನೀಲಿಮಾಳ ಕಾರು ನಿಲ್ಲುತ್ತಿತ್ತು. ಕೇಬಲ್ ಅಷ್ಟೇ ದೂರ ಬರುತ್ತದೆ ಎಂಬ ಕಾರಣಕ್ಕೆ ಅದು ಸಪ್ನಾಳಿಗೆ ಹೋಯಿತು. ನೀಲಿಮಾಳ ಕಾರು ಹೊರಗೆ ಗುಲ್‌ಮೊಹರಿನ ಕೆಳಗೆ ನಿಂತು ಕಾಗೆಗಳ ಪಾಲಾಯಿತು. ಗಂಡ ವಿಕ್ರಮನ ಹತ್ತಿರ ಹೇಳಿದರೆ, "ತಮ್ಮನ ಹೇಣ್ತಿ, ಬ್ಯಾರೆ ಯಾರೇನಲ್ಲಲ್ಲ," ಎಂದು ಅವನು ಮೊಬೈಲಿಗೆ ಮರಳಿದ.

ಇದನ್ನೆಲ್ಲ ಅವಳು ನುಂಗಿಕೊಂಡಳು. ನುಂಗಲಾಗದ್ದು ದಸರಾ.

ಬೈಲಹೊಂಗಲದಿಂದ ಪುಣೆಗೆ ಬಂದು ನೆಲೆಸಿದ ಆ ಮನೆತನದಲ್ಲಿ ದಸರೆಯ ಸಂಜೆ ಊರ ಗಡಿ ದಾಟಿ ಹಿರಿಯರಿಗೆ ಬನ್ನಿ ಕೊಡುವುದು ತಪ್ಪುವಂತಿಲ್ಲ. ಪುಣೆಯ ರಸ್ತೆಬದಿಯಲ್ಲಿ ಮಾರುವುದು ಆಪಟಾ ಎಲೆ, ಆದರೆ ಮನೆಯಲ್ಲಿ ಅದಕ್ಕೂ ಬನ್ನಿಯೆಂದೇ ಹೆಸರು. ಅತ್ತೆ ನರ್ಮದವ್ವನ ಅಕ್ಕ ರುದ್ರವ್ವ ಸಾಸವಡದಲ್ಲಿರುತ್ತಾರೆ. ಬೋಪದೇವ ಘಾಟ್ ಹತ್ತಿ ಇಳಿಯಬೇಕು. ಪ್ರತಿವರ್ಷ ನರ್ಮದವ್ವ ರೇಷ್ಮೆ ಸೀರೆ ಉಟ್ಟು, ಎಲೆಯ ಕಟ್ಟು ಮಡಿಲಲ್ಲಿಟ್ಟುಕೊಂಡು, ನೀಲಿಮಾಳ ಕಾರಿನ ಮುಂದಿನ ಸೀಟಿನಲ್ಲಿ ಕೂಡುತ್ತಿದ್ದರು. ದಾರಿಯುದ್ದಕ್ಕೂ ಮಾತು. ವರ್ಷದಲ್ಲಿ ಅದೊಂದು ದಿನ ಅತ್ತೆ ಪೂರಾ ತನ್ನವರು ಎಂದು ನೀಲಿಮಾಳಿಗೆ ಅನ್ನಿಸುತ್ತಿತ್ತು.

ಈ ಸಲ ನವಮಿಯ ಮುಂಜಾನೆ ಹೂವು ಕಟ್ಟುತ್ತ ಕೂತಾಗ ನರ್ಮದವ್ವ ಸಹಜವಾಗಿ ಹೇಳಿದರು, "ನಾಳೆ ಸಪ್ನಾನ ಗಾಡ್ಯಾಗ ಹೋಗೂಣು. ಅದು ಅಲುಗಾಡೂದಿಲ್ಲ ನೋಡು, ಕುಂತಾವರಿಗೆ ತೂಗುಮಂಚದಾಗ ಕುಂತಂಗ."

"ಹೌದ್ರೀ ಅತ್ತಿ," ಎಂದಳು ನೀಲಿಮಾ. ಚೆಂಡುಹೂವಿನ ಕುತ್ತಿಗೆಗೆ ಹಾಕಿದ ದಾರವನ್ನು ಎಷ್ಟು ಬಿಗಿದಳೆಂದರೆ ಹೂವೇ ಕತ್ತರಿಸಿ ಬಿತ್ತು.

ಅಂದು ಖಂಡೇಪೂಜೆ, ಆಯುಧಪೂಜೆಯ ದಿನ. ಎರಡೂ ಕಾರು ತೊಳೆದು ಹಾರ ಹಾಕಿದರು. ನರ್ಮದವ್ವ ಚಾರ್ಜರಿಗೂ ಕುಂಕುಮ ಹಚ್ಚಿ, ಕೇಬಲ್ಲಿಗೊಂದು ಹೂವು ಸಿಕ್ಕಿಸಿ, ಕಪಾಟಿನೊಳಗಿನ ಅದರ ಸ್ವಿಚ್ಚನ್ನು ಕೆಳಗೆ ಎಳೆದರು. "ಪೂಜಿ ಆದ ಹತ್ಯಾರ ದುಡೀಬಾರ್ದು. ಇದೂ ಇವತ್ತ ಮಲಗ್ಲಿ. ಸಂಜಿ ಆರತಿ ಆದ ಮ್ಯಾಲೆ ಹಚ್ಚರಿ."

ಸಪ್ನಾ ನಕ್ಕು ಒಪ್ಪಿದಳು. ಕಾರಿನಲ್ಲಿ ಚಾರ್ಜು ತಳ ಕಂಡಿತ್ತು, ಆದರೆ ರಾತ್ರಿಯೆಲ್ಲ ಇದೆಯಲ್ಲ. ಕೊಂಢವಾದ ರಕ್ತತಪಾಸಣೆ ಲ್ಯಾಬಿನಲ್ಲಿ ಅವಳಿಗೆ ಸಂಜೆಯ ಪಾಳಿ. ಪೂಜೆಯಾದ ಗಾಡಿ ತೆಗೆಯುವಂತಿಲ್ಲವಾದ್ದರಿಂದ ರಿಕ್ಷಾ ಹತ್ತುವಾಗ ಕೂಗಿ ಹೇಳಿದಳು, "ಅಕ್ಕಾರ, ಕೇಬಲ್ ಚುಚ್ಚೇ ಇಟ್ಟೇನ್ರಿ. ಆರತಿ ಆದ ಕೂಡಲೆ ಆ ಸ್ವಿಚ್ ಅಷ್ಟ ಮ್ಯಾಲೆ ಮಾಡ್ರಿ. ಮರೀಬ್ಯಾಡ್ರಿ ಮತ್ತ!"

"ಮರೆಯೂದೇನು? ನೀ ಹೋಗಿ ಬಾ."

ಆರತಿ ಮುಗಿಯಿತು. ನೀಲಿಮಾ ಮರೆಯಲಿಲ್ಲ. ಮೆಟ್ಟಿಲಡಿಗೆ ಹೋಗಿ ಕಪಾಟಿನ ಬಾಗಿಲು ತೆಗೆದಳು. ಬೆರಳ ತುದಿಯಷ್ಟು ಕರಿಯ ಸ್ವಿಚ್ಚು. ಅದನ್ನು ಮೇಲೆ ತಳ್ಳುವುದು ಎಂದರೆ ನಾಳೆ ಅತ್ತೆಯನ್ನು ತನ್ನ ಕೈಯಾರೆ ಆ ಕಾರಿನ ಮುಂದಿನ ಸೀಟಿನಲ್ಲಿ ಕೂಡಿಸಿದಂತೆ. ತಾನು ಹಿಂದೆ, ಪ್ರಸಾದದ ಡಬ್ಬಿಯ ಜೊತೆ. ಮೇಲಿನಿಂದ ಅತ್ತೆ, "ನೀಲಾ, ಚಾ ಆರ್ತದ," ಎಂದು ಕರೆದರು. ನೀಲಿಮಾ ಬಾಗಿಲು ಮುಚ್ಚಿದಳು. ಏನನ್ನೂ ಮುಟ್ಟಲಿಲ್ಲ. ಮುಟ್ಟದೆ ಇರುವುದು ತಪ್ಪು ಮಾಡಿದಂತಲ್ಲ ಎಂದು ಚಹಾ ಕುಡಿಯುತ್ತ ತನಗೆ ತಾನೇ ಹೇಳಿಕೊಂಡಳು.

ಮರುದಿನ ಮಧ್ಯಾಹ್ನದವರೆಗೆ ಯಾರಿಗೂ ಗೊತ್ತಾಗಲಿಲ್ಲ. ಮೀಟರ್ ನೋಡುವುದನ್ನು ಬಿಟ್ಟವಳು ಹಬ್ಬದ ದಿನ ಯಾಕೆ ನೋಡುತ್ತಾಳೆ? ಗಂಡಸರಿಬ್ಬರೂ ಸ್ಕೂಟರಿನಲ್ಲಿ ಮುಂದೆ ಹೋದರು. ನರ್ಮದವ್ವ ಕಾರಿನಲ್ಲಿ ಕೂತು ಸೆರಗು ಸರಿಮಾಡಿಕೊಂಡ ಮೇಲೆ ಸಪ್ನಾ ಗುಂಡಿ ಒತ್ತಿದಳು.

"ಅಯ್ಯ! ಒಂಬತ್ತ ಪರ್ಸೆಂಟ್!"

"ಹಂಗಂದ್ರ?" ಎಂದರು ನರ್ಮದವ್ವ.

"ಹಂಗಂದ್ರ ಘಾಟ್ ಹತ್ತಿದ ಮ್ಯಾಲೆ ವಾಪಸ್ ಬರಾಕ ಆಗೂದಿಲ್ರೀ ಅತ್ತಿ." ಅವಳು ಇಳಿದು ಕಪಾಟು ತೆಗೆದಳು. ಸ್ವಿಚ್ಚು ಕೆಳಗೇ ಇತ್ತು. "ಅಕ್ಕಾರ, ಹಚ್ಚಿದ್ದಿಲ್ರಿ?"

"ಹಚ್ಚಿದ್ನೆಲ್ಲ," ಎಂದಳು ನೀಲಿಮಾ. ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಆಶ್ಚರ್ಯವಾಯಿತು. "ತಾನ ಬಿದ್ದಿರಬೇಕು. ಹಬ್ಬದ ಲೈಟಿನ ಲೋಡು."

ಸಪ್ನಾ ಒಂದು ಕ್ಷಣ ಅವಳನ್ನು ನೋಡಿದಳು, ಆಮೇಲೆ ಕೇಬಲ್ಲನ್ನು ಮುಟ್ಟಿ ಮುಟ್ಟಿ ನೋಡಿದಳು. ಮೊಬೈಲಿನಲ್ಲಿ ಹತ್ತಿರದ ಚಾರ್ಜಿಂಗ್ ಜಾಗ ಹುಡುಕಿದಳು. ಇದ್ದ ಎರಡರಲ್ಲೂ ಬೇರೆ ಗಾಡಿ ನಿಂತಿದ್ದವು. ನರ್ಮದವ್ವ ಆಗಲೇ ಒಂದು ಕಾಲು ಹೊರಗಿಟ್ಟಿದ್ದರು. "ನೀಲಾನ ಗಾಡಿ ಅದ ಅಲ್ಲ, ಅದರಾಗ ನಡೀರಿ. ದೀಪ ಹಚ್ಚೂದ್ರಾಗ ಮುಟ್ಟಬೇಕು, ರುದ್ರಕ್ಕ ಬಾಗಲಾ ಕಾಯ್ಕೋತ ಕುಂತಿರ್ತಾಳ."

ಹೀಗೆ ಅತ್ತೆ ಮುಂದಿನ ಸೀಟಿಗೆ ಬಂದರು. ಸಪ್ನಾ ಹಿಂದೆ, ಪ್ರಸಾದದ ಡಬ್ಬಿಯ ಜೊತೆ. ಕೀಲಿ ತಿರುಗಿಸಿದಾಗ ನೀಲಿಮಾಳ ಎದೆಯಲ್ಲಿ ಹಬ್ಬ. ಆಮೇಲೆ ಮೀಟರ್ ಕಂಡಿತು. ಒಂದೇ ಕಡ್ಡಿ. ಹೊಟ್ಟೆಕಿಚ್ಚಿನ ಲೆಕ್ಕದಲ್ಲಿ ತನ್ನ ಲೆಕ್ಕ ತಪ್ಪಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳೂ ಮೀಟರ್ ನೋಡಿರಲಿಲ್ಲ.

ಕೊಂಢವಾ ರಸ್ತೆಯ ಪಂಪಿನಲ್ಲಿ ಹತ್ತು ಗಾಡಿ ಇದ್ದಂತೆ ಕಂಡು ಸಾಲಿಗೆ ನುಗ್ಗಿದಳು. ತಿರುವು ದಾಟಿದರೆ ಸಾಲು ಇನ್ನೂ ಇತ್ತು. ಹಿಂದೆ ರಿಕ್ಷಾಗಳು ಒತ್ತಿ ನಿಂತವು, ಪಕ್ಕದಲ್ಲಿ ಡಿವೈಡರ್. ಹೊರಬೀಳಲು ದಾರಿಯಿಲ್ಲ. ಮುಂದಿನಿಂದ ಸುದ್ದಿ ಬಂತು: ಪ್ರೆಷರ್ ಕಡಿಮೆ.

"ಎಷ್ಟೊತ್ತು?" ಎಂದರು ನರ್ಮದವ್ವ.

"ಇದ ಈಗ್ರಿ, ಅತ್ತಿ."

ಆ 'ಈಗ' ಬಹಳ ಉದ್ದವಾಯಿತು. ಬಿಸಿಲು ಅತ್ತೆಯ ಮೊಣಕಾಲ ಮೇಲೆ ಬಿದ್ದಿತ್ತು. ಎಸಿ ಹಾಕಿದರೆ ಉಳಿದ ಗ್ಯಾಸೂ ಹೋದೀತು. ನರ್ಮದವ್ವ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೇಳಿದರು, "ನೀ ದಿನಾ ಹಿಂಗ ನಿಂದರ್ತಿ?"

"ವಾರದಾಗ ಎರಡ ಸರ್ತಿ."

"ಸಪ್ನಾನ ಗಾಡಿಗೆ ಇದೆಲ್ಲ ಇಲ್ಲ ನೋಡು," ಎಂದರು ಅತ್ತೆ. ಹಿಂದೆ ತಿರುಗಿ, "ಛಲೋ ಗಾಡಿ ತಗೊಂಡಿ ತಂಗೀ," ಎಂದರು. ತನ್ನದೇ ಕಾರಿನಲ್ಲಿ, ತನ್ನದೇ ಪಕ್ಕದಲ್ಲಿ ಕೂತು, ಆ ಕಾರಿನ ಹೊಗಳಿಕೆ! ನೀಲಿಮಾ ಸ್ಟೇರಿಂಗ್ ಹಿಡಿದ ಕೈಗಳನ್ನೇ ನೋಡುತ್ತ ಕೂತಳು. ಇದಕ್ಕಾಗಿ ಸುಳ್ಳು ಹೇಳಿದೆನೆ?

ಕೊನೆಗೂ ಪಂಪಿನ ಚಪ್ಪರದ ಕೆಳಗೆ ಬಂದಾಗ ನೆರಳು ಉದ್ದವಾಗಿತ್ತು. "ತಾಈ, ಸಗಳೇ ಖಾಲೀ ಉತರಾ," ಎಂದು ಪಂಪಿನವನು ಮರಾಠಿಯಲ್ಲಿ ಎಲ್ಲರನ್ನೂ ಇಳಿಯಲು ಹೇಳಿದ. ಗ್ಯಾಸು ತುಂಬುವಾಗ ಕಾರಿನಲ್ಲಿ ಯಾರೂ ಕೂಡುವಂತಿಲ್ಲ. ನರ್ಮದವ್ವ ಎಲೆಯ ಕಟ್ಟು ಹಿಡಿದು, ಮೊಣಕಾಲು ನೀವಿಕೊಳ್ಳುತ್ತ ಇಳಿದರು. ಮೂವರೂ ಹಳದಿ ಗೆರೆಯಾಚೆ ಸಾಲಾಗಿ ನಿಂತರು. ನಳಿಗೆ ಹಾಕಿದೊಡನೆ ಸುಯ್ ಎಂಬ ಸದ್ದು ಶುರುವಾಯಿತು.

ಆಚೆಯ ಸಾಲಿನಲ್ಲಿ ತನ್ನ ಟೆಂಪೋ ಬಿಟ್ಟು ಇಳಿದಿದ್ದ ಒಬ್ಬ ನಗುತ್ತ ಬಂದ. ಮಾರ್ಕೆಟ್ ಯಾರ್ಡಿನ ಮಾಲು ಸಾಗಿಸುವ ಬಸವಲಿಂಗ, ಗೋಕಾಕದ ಕಡೆಯವನು. ನೀಲಿಮಾಳಿಗೆ ಈ ಸರತಿಯಲ್ಲೇ ಪರಿಚಯವಾದವನು.

"ಏನ್ರೀ ನೀಲಕ್ಕಾರ, ಇವತ್ತ ಮನಿ ಮಂದೀನೆಲ್ಲಾ ಲೈನಿಗೆ ಹಚ್ಚೀರಿ?" ಎಂದು ಜೇಬಿನಿಂದ ಎಲೆ ತೆಗೆದು ನರ್ಮದವ್ವನ ಕೈಗಿಟ್ಟು ಕಾಲು ಮುಟ್ಟಿದ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ, ಯವ್ವಾ."

ನರ್ಮದವ್ವನ ಮುಖ ಅರಳಿತು. "ಬಂಗಾರದಂಗ ಇರಪಾ." ಅವನು ಟೆಂಪೋ ಕಡೆಗೆ ಓಡಿದ ಮೇಲೆ ಅವರು ತಮ್ಮ ಕಟ್ಟು ಬಿಚ್ಚಿದರು. "ಹೊರಗಿನಾಂವ ಕೊಟ್ಟ ಮ್ಯಾಲೆ ಮನಿಯಾವರು ಯಾಕ ತಡಾ ಮಾಡ್ತೀರಿ? ಸಪ್ನಾ, ದೊಡ್ಡಾಕಿಗೆ ಕೊಡು."

ಸಪ್ನಾ ಎಲೆ ತೆಗೆದುಕೊಂಡು ಬಾಗಿದಳು. ವರ್ಷದ ಸಿಟ್ಟುಸೆಡವು ಇದ್ದರೆ ಬನ್ನಿ ಕೊಟ್ಟು ಬಿಟ್ಟುಬಿಡಬೇಕು ಎಂಬುದು ಆ ಮನೆಯ ಪದ್ಧತಿ. ಆದರೆ ಬಾಗಿದವಳಿಗೆ ಬಿಡಲು ಯಾವ ಸಿಟ್ಟೂ ಇರಲಿಲ್ಲ, ಇದ್ದದ್ದೆಲ್ಲ ನಿಂತವಳದು. ನೀಲಿಮಾ ಕಾಲು ಹಿಂದಕ್ಕೆ ಎಳೆದುಕೊಂಡಳು.

"ನಾ ಆ ಸ್ವಿಚ್ ಹಚ್ಚಿದ್ದಿಲ್ಲ, ಸಪ್ನಾ. ತಾನ ಬಿದ್ದದ್ದಲ್ಲ. ಬೇಕಂತ ಬಿಟ್ಟೆ."

ಸಪ್ನಾ ನಿಧಾನವಾಗಿ ನೆಟ್ಟಗಾದಳು. "ಯಾಕ್ರಿ?"

"ಅತ್ತಿ ನಿನ್ನ ಗಾಡ್ಯಾಗ ಕೂಡ್ತಾರಂತ."

"ಇಷ್ಟಕ್ಕ?"

"ಹೂಂ. ಇಷ್ಟಕ್ಕ."

ಸಪ್ನಾಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿ. "ಒಂದ ಮಾತ ಹೇಳಿದ್ರ ನಾನ ಹಿಂದ ಕೂಡ್ತಿದ್ನೆಲ್ರಿ. ಜಾಗಾ ಕೇಳಿದ್ರ ಜಾಗಾನೂ ಬಿಡ್ತಿದ್ದೆ. ಹೊರಡೂಮುಂದ ನಂದ ಏನರೆ ತಪ್ಪಾಗೇದೇನು ಅಂತ ನಾ ವೈರ್ ಮುಟ್ಟಿ ಮುಟ್ಟಿ ನೋಡೇನಿ." ಎಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಇದನ್ನ ಈಗ ಕೊಡೂದಿಲ್ಲ. ಸುಳ್ಳ ಸುಳ್ಳ ಕೊಟ್ಟಂಗಾಗ್ತದ."

"ಬ್ಯಾಡ," ಎಂದಳು ನೀಲಿಮಾ. "ಕೊಡಬ್ಯಾಡ."

ಪಂಪಿನವನು ನಳಿಗೆ ತೆಗೆದು ಕೈ ಬೀಸಿದ. ಹಿಂದಿನ ರಿಕ್ಷಾ ಹಾರ್ನ್ ಹೊಡೆಯಿತು. ನರ್ಮದವ್ವ ಇಬ್ಬರ ಮುಖವನ್ನೂ ನೋಡಿದರು. ಹೋಗಿ ಹಿಂದಿನ ಬಾಗಿಲು ತೆಗೆದು, ಪ್ರಸಾದದ ಡಬ್ಬಿ ಪಕ್ಕಕ್ಕೆ ಸರಿಸಿ, ಕೂತುಬಿಟ್ಟರು.

"ಅತ್ತೀ, ಮುಂದ..." ಎಂದಳು ನೀಲಿಮಾ.

"ನನಗ ಕಾಲ ಚಾಚಬೇಕು. ನಾ ಇಲ್ಲೇ ಆರಾಮ ಇದೇನಿ. ಸಪ್ನಾ, ಮುಂದ ಕೂಡು ನೀ. ಜಗಳಾ ಮಾಡೂದಿದ್ರ ಬಾಜೂಕ ಕೂತ ಮಾಡ್ರಿ. ನಡೂ ನನ್ನ ಇಟ್ಕೊಂಡು ಎಳದಾಡಬ್ಯಾಡ್ರಿ."

ಸಪ್ನಾ ಬಂದು ಮುಂದೆ ಕೂತು ಬಾಗಿಲು ಜೋರಾಗಿ ಎಳೆದುಕೊಂಡಳು. ಕಾರು ಕಲಿಸುತ್ತಿದ್ದ ಭಾನುವಾರಗಳ ನಂತರ ಇವರಿಬ್ಬರೂ ಹೀಗೆ ಪಕ್ಕಪಕ್ಕ ಕೂತಿರಲಿಲ್ಲ.

ಘಾಟಿನ ಮೊದಲ ತಿರುವಿನಲ್ಲಿ ಇಂಜಿನ್ನು ಏದುಸಿರು ಬಿಟ್ಟಾಗ ನೀಲಿಮಾ ಗೇರ್ ಇಳಿಸಿದಳು. ಸಪ್ನಾ ಮುಷ್ಟಿ ಬಿಚ್ಚಿ, ಬೆವರಿಗೆ ಮೆತ್ತಗಾದ ಎಲೆಯನ್ನು ಮೀಟರಿನ ಮುಂದೆ ಇಟ್ಟಳು. ಕೊಟ್ಟಳು ಎನ್ನುವಂತಿಲ್ಲ, ಇಟ್ಟಳು, ಅಷ್ಟೇ. ಎಲೆಯ ಪಕ್ಕದಲ್ಲಿ ಗ್ಯಾಸಿನ ಕಡ್ಡಿಗಳು ಹಸಿರಾಗಿ ಹೊಳೆಯುತ್ತಿದ್ದವು.

"ಪೂರ್ತಿ ತುಂಬಿಲ್ಲಲ್ರಿ," ಎಂದಳು, ಹೊರಗೆ ನೋಡುತ್ತಲೇ.

"ಪ್ರೆಷರ್ ಇದ್ದಿಲ್ಲ. ಮೂರ ಕಡ್ಡಿ ಅಷ್ಟ."

"ಹೋಗಿ ಬರಾಕ ಸಾಕಾಗ್ತದ?"

"ಸಾಕಾಗ್ತದ. ನಾಡದ ಮತ್ತ ನಿಂದರಬೇಕು."

ಹಿಂದಿನ ಸೀಟಿನಲ್ಲಿ ನರ್ಮದವ್ವ ಆಗಲೇ ನಿದ್ದೆಗಿಳಿದಿದ್ದರು. ಸಾಸವಡದ ಕಡೆಯ ಇಳಿಜಾರಿನಲ್ಲಿ ದೂರದ ಮನೆಗಳ ದೀಪ ಒಂದೊಂದಾಗಿ ಹತ್ತತೊಡಗಿದವು. ರುದ್ರವ್ವನ ಬಾಗಿಲಿಗೆ ಅವರು ತಡವಾಗಿಯೇ ಮುಟ್ಟುವವರಿದ್ದರು.